ಪುಕ್ಕಟೆ ವೇಗದ ಕಾಲ ಮುಗಿದ ಮೇಲೆ

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಎನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡ್ 2022ರಲ್ಲಿ ಬಂತು. ಅದರೊಳಗೆ 16,384 ಕೋರ್‌ಗಳು, ಅಂದರೆ ಲೆಕ್ಕ ಮಾಡುವ ಪುಟ್ಟ ಘಟಕಗಳು. ಬೆಲೆ 1,599 ಡಾಲರ್. ತಿನ್ನುವ ಕರೆಂಟು 450 ವ್ಯಾಟ್. ಅದರ ಮುಂದಿನ ತಲೆಮಾರಿನ 5090 ಕಾರ್ಡ್ 2025ರ ಜನವರಿಯಲ್ಲಿ ಬಂತು. ಕೋರ್ 21,760. ಬೆಲೆ 1,999 ಡಾಲರ್. ಕರೆಂಟು 575 ವ್ಯಾಟ್. ಅಂದರೆ ಕೋರ್‌ಗಳು ಮೂರನೇ ಒಂದು ಪಾಲು ಜಾಸ್ತಿ. ಬೆಲೆ ಕಾಲು ಪಾಲು ಜಾಸ್ತಿ. ಕರೆಂಟು ಕಾಲು ಪಾಲಿಗಿಂತ ತುಸು ಜಾಸ್ತಿ. ಹಾಗಾದರೆ ಗೇಮ್‌ಗಳಲ್ಲಿ ವೇಗ ಎಷ್ಟು ಹೆಚ್ಚಿತು? 4ಕೆ ಪರದೆಯಲ್ಲಿ ಪರೀಕ್ಷೆ ಮಾಡಿದವರಿಗೆ ಸಿಕ್ಕಿದ್ದು ಹೆಚ್ಚುಕಡಿಮೆ ಶೇಕಡಾ 30.

ಜಾಸ್ತಿ ಕೊಟ್ಟು ಜಾಸ್ತಿ ತಗೊಂಡರೆ ಅದಕ್ಕೆ ವ್ಯಾಪಾರ ಅನ್ನುತ್ತಾರೆ. ಪ್ರಗತಿ ಅನ್ನಬೇಕಾದರೆ ಅಷ್ಟೇ ದುಡ್ಡಿಗೆ, ಅಷ್ಟೇ ಕರೆಂಟಿಗೆ ಜಾಸ್ತಿ ಸಿಗಬೇಕು, ಅಲ್ವಾ? ಎರಡೂ ಕಾರ್ಡುಗಳು ತೈವಾನಿನ ಚಿಪ್ ತಯಾರಕ ಟಿಎಸ್‌ಎಂಸಿಯ ಒಂದೇ ಪೀಳಿಗೆಯ ತಯಾರಿಕಾ ವಿಧಾನದಲ್ಲಿ ಮಾಡಿದವು. ಹಾಗಾಗಿ ಹೊಸದನ್ನು ದೊಡ್ಡದು ಮಾಡದೆ ಬೇರೆ ದಾರಿ ಇರಲಿಲ್ಲ.

5090ರ ಬಿಡುಗಡೆ ಸಭೆಯಲ್ಲಿ ಕಂಪನಿಯ ಮುಖ್ಯಸ್ಥ ಜೆನ್ಸೆನ್ ಹುವಾಂಗ್ ಇನ್ನೊಂದು ಮಾತು ಹೇಳಿದರು. ಈ ಸರಣಿಯ 549 ಡಾಲರಿನ 5070 ಕಾರ್ಡು ಹಳೆಯ 4090ಕ್ಕೆ ಸಮ ಅಂತ. ಎಐ ಇಲ್ಲದೆ ಇದು ಆಗುತ್ತಿರಲಿಲ್ಲ ಅಂತಲೂ ಸೇರಿಸಿದರು. ಗುಟ್ಟೆಲ್ಲ ಆ ಸೇರಿಸಿದ ಮಾತಿನಲ್ಲೇ ಇತ್ತು. ಹೊಸ ಕಾರ್ಡು ಒಂದು ಫ್ರೇಮ್, ಅಂದರೆ ಪರದೆಯ ಒಂದು ಚಿತ್ರ, ನಿಜವಾಗಿ ಲೆಕ್ಕ ಹಾಕಿ, ಮೂರು ಫ್ರೇಮ್ ಊಹೆಯಿಂದ ಬರೆಯಬಲ್ಲದು. ನೋಡೋಕೆ ನುಣುಪಾಗಿಯೇ ಕಾಣುತ್ತದೆ. ಆದರೆ ನೀವು ಬಟನ್ ಒತ್ತಿದ್ದಕ್ಕೆ ಗೇಮ್ ಉತ್ತರ ಕೊಡುವುದು ಆ ನಿಜವಾದ ಒಂದು ಫ್ರೇಮಿನ ವೇಗದಲ್ಲಿಯೇ.

ಪ್ರೊಸೆಸರ್‌ಗಳ ಕಡೆಗೂ ಇದೇ ಕಥೆ. ಇಂಟೆಲ್‌ನ ಡೆಸ್ಕ್‌ಟಾಪ್ 14ನೇ ತಲೆಮಾರು 2023ರಲ್ಲಿ ಬಂದಾಗ ಅದು ಹೆಚ್ಚುಕಡಿಮೆ 13ನೆಯದೇ ಆಗಿತ್ತು, ಗಡಿಯಾರ (ಚಿಪ್ ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಅನ್ನುವ ಲೆಕ್ಕ) ಮಾತ್ರ ಸ್ವಲ್ಪ ಮುಂದೆ ತಿರುಗಿಸಿದ್ದರು. ಮರುವರ್ಷ ಬಂದ ಕೋರ್ ಅಲ್ಟ್ರಾ 200 ಸರಣಿ ನಿಜಕ್ಕೂ ಹೊಸ ವಿನ್ಯಾಸ. ಕರೆಂಟು ಕಡಿಮೆ ತಿನ್ನುತ್ತದೆ. ಆದರೆ ಎಷ್ಟೋ ಗೇಮ್‌ಗಳಲ್ಲಿ ಅದು ತನ್ನ ಅಣ್ಣನಿಗಿಂತ ಹಿಂದೆ ಬಿತ್ತು! 2023ರ ಐಫೋನಿನ ಎ17 ಪ್ರೋ ಚಿಪ್ಪನ್ನೂ ನೋಡಿ. ಅದರೊಳಗಿನ ಪುಟ್ಟ ಸ್ವಿಚ್ಚುಗಳಾದ ಟ್ರಾನ್ಸಿಸ್ಟರ್‌ಗಳು 1,600 ಕೋಟಿಯಿಂದ 1,900 ಕೋಟಿಗೆ ಏರಿದವು. ಪ್ರೊಸೆಸರ್ ವೇಗ ಹೆಚ್ಚಿದ್ದು ಗರಿಷ್ಠ ಶೇಕಡಾ 10, ಅದೂ ಆಪಲ್ ತಾನೇ ಹೇಳಿಕೊಂಡ ಲೆಕ್ಕ.

ಇದನ್ನೆಲ್ಲ ನೋಡಿದವರು ಥಟ್ಟನೆ ಹೇಳುವ ಮಾತು, "ಮೂರ್ ನಿಯಮ ಸತ್ತುಹೋಯಿತು" ಅಂತ. ನನಗೆ ಈ ಮಾತು ಅರ್ಧ ಸತ್ಯ ಅನ್ನಿಸುತ್ತದೆ. ಸತ್ತವನೊಬ್ಬ, ಅತ್ತಿದ್ದು ಇನ್ನೊಬ್ಬನ ಹೆಸರಲ್ಲಿ.

ಮುಂದೆ ಇಂಟೆಲ್ ಕಟ್ಟಿದವರಲ್ಲೊಬ್ಬರಾದ ಗಾರ್ಡನ್ ಮೂರ್ 1965ರಲ್ಲಿ ಹೇಳಿದ್ದು ಇಷ್ಟೇ: ಒಂದು ಚಿಪ್ಪಿನ ಮೇಲೆ ಲಾಭದಾಯಕವಾಗಿ ಕೂರಿಸಬಹುದಾದ ಬಿಡಿಭಾಗಗಳ ಸಂಖ್ಯೆ ವರ್ಷಕ್ಕೆ ಎರಡು ಪಟ್ಟಾಗುತ್ತದೆ. 1975ರಲ್ಲಿ ಅದನ್ನು ಎರಡು ವರ್ಷಕ್ಕೊಮ್ಮೆ ಎಂದು ತಿದ್ದಿದರು. ಇದರಲ್ಲಿ ವೇಗದ ಮಾತೇ ಇಲ್ಲ. ಇದು ಎಣಿಕೆಯ ಮಾತು, ದುಡ್ಡಿನ ಮಾತು. 1971ರ ಇಂಟೆಲ್ 4004ರಲ್ಲಿ 2,300 ಟ್ರಾನ್ಸಿಸ್ಟರ್ ಇದ್ದವು. ಇವತ್ತಿನ ಫೋನಿನಲ್ಲಿ ಸಾವಿರಾರು ಕೋಟಿ ಇವೆ. ಎಣಿಕೆ ಈಗಲೂ ಏರುತ್ತಿದೆ, ಮೊದಲಿಗಿಂತ ನಿಧಾನವಾಗಿ.

ವೇಗವನ್ನು ನಮಗೆ ಪುಕ್ಕಟೆಯಾಗಿ ಕೊಟ್ಟವರು ಬೇರೆಯವರು. ಐಬಿಎಂನ ರಾಬರ್ಟ್ ಡೆನಾರ್ಡ್. ಇವತ್ತು ಎಲ್ಲ ಕಂಪ್ಯೂಟರಿನಲ್ಲೂ ಇರುವ ಡಿರ್‍ಯಾಮ್ ಮೆಮೊರಿ ಕಂಡುಹಿಡಿದವರೂ ಅವರೇ. ಅವರೂ ಅವರ ಜೊತೆಗಾರರೂ 1974ರಲ್ಲಿ ಒಂದು ಸೂತ್ರ ಬರೆದರು. ಟ್ರಾನ್ಸಿಸ್ಟರಿನ ಉದ್ದ, ಅಗಲ, ದಪ್ಪ ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿ. ವೋಲ್ಟೇಜನ್ನೂ ಅಷ್ಟೇ ಕುಗ್ಗಿಸಿ. ಆಗ ಟ್ರಾನ್ಸಿಸ್ಟರ್ ಬೇಗ ಬೇಗ ಆನ್-ಆಫ್ ಆಗುತ್ತದೆ. ಅದೇ ಜಾಗದಲ್ಲಿ ಜಾಸ್ತಿ ಟ್ರಾನ್ಸಿಸ್ಟರ್ ಹಿಡಿಸುತ್ತದೆ. ಆದರೂ ಚಿಪ್ಪಿನ ಬಿಸಿ ಹೆಚ್ಚುವುದಿಲ್ಲ! ಮನೆಯಲ್ಲಿ ಮಕ್ಕಳು ಎರಡು ಪಟ್ಟಾದರೂ ದಿನಸಿ ಖರ್ಚು ಅಷ್ಟೇ ಇದ್ದ ಹಾಗೆ. ಮೂವತ್ತು ವರ್ಷ ಇಡೀ ಜಗತ್ತು ಈ ಸೂತ್ರದ ಮೇಲೆ ಬದುಕಿತು. ಅವರ ಹೆಸರು ಮಾತ್ರ ಹೊರಗಿನವರಿಗೆ ಗೊತ್ತೇ ಆಗಲಿಲ್ಲ. 2024ರಲ್ಲಿ ಅವರು ತೀರಿಕೊಂಡಾಗಲೂ ದೊಡ್ಡ ಸುದ್ದಿಯೇನೂ ಆಗಲಿಲ್ಲ.

ಆ ಸೂತ್ರ ಮುರಿದದ್ದು ಎಲ್ಲಿ ಎಂಬುದು ತಿಳಿಯಬೇಕಾದರೆ ಕೆರೆಯ ತೂಬನ್ನು ನೆನಪಿಸಿಕೊಳ್ಳಿ. ಟ್ರಾನ್ಸಿಸ್ಟರ್ ಅಂದರೆ ಒಂದು ತೂಬು. ಅದರ ಬಾಗಿಲಾದ ಗೇಟಿಗೆ ವೋಲ್ಟೇಜ್ ಕೊಟ್ಟರೆ ತೆರೆದು ಕರೆಂಟು ಹರಿಯುತ್ತದೆ, ತೆಗೆದರೆ ನಿಲ್ಲುತ್ತದೆ. ಆದರೆ ಯಾವ ತೂಬೂ ಪೂರ್ತಿ ಮುಚ್ಚುವುದಿಲ್ಲ, ಒಂದಿಷ್ಟು ಸೋರುತ್ತಲೇ ಇರುತ್ತದೆ. ತೂಬು ದೊಡ್ಡದಿದ್ದಾಗ, ಬಾಗಿಲು ಬಿಗಿಯಾಗಿದ್ದಾಗ ಈ ಸೋರಿಕೆ ಲೆಕ್ಕಕ್ಕೇ ಇರಲಿಲ್ಲ. ಬಾಗಿಲು ತೆಳುವಾಗುತ್ತಾ, ತೆರೆಯಲು ಬೇಕಾದ ವೋಲ್ಟೇಜ್ ಇಳಿಯುತ್ತಾ ಹೋದ ಹಾಗೆ ಸೋರಿಕೆ ಹೆಚ್ಚಿತು. ಸುಮ್ನೆ ಹೆಚ್ಚಲಿಲ್ಲ, ಪಟ್ಟುಪಟ್ಟಾಗಿ ಹೆಚ್ಚಿತು. ಕೋಣೆಯ ತಾಪಮಾನದಲ್ಲಿ ಸೋರಿಕೆಯನ್ನು ಹತ್ತನೇ ಒಂದು ಪಾಲಿಗೆ ಇಳಿಸಬೇಕಾದರೆ ಗೇಟಿನಲ್ಲಿ ಕನಿಷ್ಠ 60 ಮಿಲಿವೋಲ್ಟ್ ವ್ಯತ್ಯಾಸ ಬೇಕು. ಇದು ಪ್ರಕೃತಿ ಹಾಕಿದ ಕಟ್ಟು. ಯಾವ ಕಂಪನಿಯ ಎಂಜಿನಿಯರೂ ಈ ಬಗೆಯ ಟ್ರಾನ್ಸಿಸ್ಟರಿನಲ್ಲಿ ಅದನ್ನು ಮುರಿಯಲಾರ. ಹಾಗಾಗಿ ಒಂದು ಮಟ್ಟದ ಕೆಳಗೆ ವೋಲ್ಟೇಜ್ ಇಳಿಸಿದರೆ ಒಂದೋ ತೂಬು ಸರಿಯಾಗಿ ತೆರೆಯುವುದಿಲ್ಲ, ಇಲ್ಲ ಸರಿಯಾಗಿ ಮುಚ್ಚುವುದಿಲ್ಲ.

ಎಂಬತ್ತರ ದಶಕದ ಚಿಪ್ಪುಗಳು 5 ವೋಲ್ಟ್‌ನಲ್ಲಿ ಓಡುತ್ತಿದ್ದವು. ಈ ಶತಮಾನದ ಶುರುವಿಗೆ ಅದು ಒಂದು ವೋಲ್ಟಿನ ಹತ್ತಿರಕ್ಕೆ ಬಂತು. ಇಪ್ಪತ್ತು ವರ್ಷ ಕಳೆದರೂ ಹೆಚ್ಚುಕಡಿಮೆ ಅಲ್ಲೇ ಇದೆ. ಟ್ರಾನ್ಸಿಸ್ಟರ್ ಕುಗ್ಗುತ್ತಲೇ ಹೋಯಿತು, ವೋಲ್ಟೇಜ್ ಕುಗ್ಗಲಿಲ್ಲ. ಮಕ್ಕಳ ಜೊತೆ ದಿನಸಿ ಖರ್ಚೂ ಏರತೊಡಗಿತು.

ಇದಕ್ಕೆ ಮೊದಲು ತಲೆ ಕೊಟ್ಟಿದ್ದು ಇಂಟೆಲ್‌ನ ಪೆಂಟಿಯಂ 4 ಚಿಪ್. 1993ರ ಮೊದಲ ಪೆಂಟಿಯಂ 60 ಮೆಗಾಹರ್ಟ್ಸ್ ಇತ್ತು. 2000ದ ಮಾರ್ಚಿಗೆ 1 ಗಿಗಾಹರ್ಟ್ಸ್ (1,000 ಮೆಗಾಹರ್ಟ್ಸ್) ಮುಟ್ಟಿತು. ಏಳು ವರ್ಷದಲ್ಲಿ ಹದಿನಾರು ಪಟ್ಟು! ಇದೇ ಓಟದಲ್ಲಿ ಹತ್ತು ಗಿಗಾಹರ್ಟ್ಸ್ ಮುಟ್ಟುತ್ತೇವೆ ಅಂತ ಇಂಟೆಲ್ ಹೇಳುತ್ತಿತ್ತು. 2004ರಲ್ಲಿ 3.8ಕ್ಕೆ ಬಂದು ನಿಂತಿತು. 4 ಗಿಗಾಹರ್ಟ್ಸ್ ಚಿಪ್ ಬಿಡುತ್ತೇವೆ ಎಂದಿದ್ದವರು ಅದೇ ವರ್ಷ ಕೈಬಿಟ್ಟರು. ಆಗಿನ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಒಂದು ಸಮ್ಮೇಳನದ ವೇದಿಕೆಯಲ್ಲಿ ಮಂಡಿಯೂರಿ ಕ್ಷಮೆ ಕೇಳಿದರು. ಅರ್ಧ ತಮಾಷೆಗೆ ಮಾಡಿದ್ದು, ಆದರೆ ಆ ಮಂಡಿ ಊರಿದ ಕ್ಷಣವೇ ಪುಕ್ಕಟೆ ವೇಗದ ಕಾಲ ಮುಗಿದ ಗಳಿಗೆ ಅಂತ ನಾನು ತಿಳಿದಿದ್ದೇನೆ. 2024ರಲ್ಲಿ ಇಂಟೆಲ್‌ನ ಅತಿ ವೇಗದ ಡೆಸ್ಕ್‌ಟಾಪ್ ಚಿಪ್ಪಿನ ಗರಿಷ್ಠ ಗಡಿಯಾರ 6.2 ಗಿಗಾಹರ್ಟ್ಸ್. ಇಪ್ಪತ್ತು ವರ್ಷದಲ್ಲಿ ಎರಡು ಪಟ್ಟೂ ಆಗಿಲ್ಲ.

ಇದರ ಒಟ್ಟು ಪರಿಣಾಮವನ್ನು ಜಾನ್ ಹೆನ್ನೆಸ್ಸಿ ಮತ್ತು ಡೇವಿಡ್ ಪ್ಯಾಟರ್ಸನ್ ಲೆಕ್ಕ ಹಾಕಿದ್ದಾರೆ. ಇಬ್ಬರೂ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯನ್ನು 2017ರಲ್ಲಿ ಪಡೆದವರು. ಅವರ ಪ್ರಕಾರ 1986ರಿಂದ 2003ರವರೆಗೆ ಪ್ರೊಸೆಸರ್ ವೇಗ ವರ್ಷಕ್ಕೆ ಶೇಕಡಾ 52 ಏರಿತು. ಆಮೇಲೆ ಶೇಕಡಾ 23. ಆಮೇಲೆ 12. 2015ರ ನಂತರದ ಮೂರು ವರ್ಷ ಬರೀ 3.5. ಮೊದಲ ದರದಲ್ಲಿ ಎರಡು ವರ್ಷದೊಳಗೆ ವೇಗ ದುಪ್ಪಟ್ಟಾಗುತ್ತದೆ. ಕೊನೆಯ ದರದಲ್ಲಿ ಇಪ್ಪತ್ತು ವರ್ಷ ಕಾಯಬೇಕು.

ಆ 3.5ನ್ನು ಪೂರ್ತಿ ಪ್ರಕೃತಿಯ ತಲೆಗೆ ಕಟ್ಟುವುದು ಮಾತ್ರ ತಪ್ಪು. ಆ ವರ್ಷಗಳಲ್ಲಿ ಇಂಟೆಲ್ ತನ್ನ '10 ನ್ಯಾನೋಮೀಟರ್' ಎಂಬ ತಯಾರಿಕಾ ವಿಧಾನದಲ್ಲಿ ಕೆಸರಿನಲ್ಲಿ ಎತ್ತಿನಗಾಡಿ ಹೂತ ಹಾಗೆ ಹೂತುಹೋಗಿತ್ತು. ಅದರ ಎದುರಾಳಿ ಎಎಂಡಿಗೆ 2017ರ ತನಕ ಎದ್ದು ನಿಲ್ಲುವ ಶಕ್ತಿ ಇರಲಿಲ್ಲ. ಎದುರಾಳಿ ಇಲ್ಲದ ಕುಸ್ತಿಯಲ್ಲಿ ಯಾರು ತಾನೇ ಬೆವರು ಸುರಿಸುತ್ತಾರೆ? ಎಎಂಡಿಯ ರೈಜನ್ ಪ್ರೊಸೆಸರ್ ಬಂದ ಮೇಲೆ, 2020ರಲ್ಲಿ ಆಪಲ್‌ನ ಎಂ1 ಬಂದ ಮೇಲೆ ವೇಗ ಮತ್ತೆ ಒಂದಿಷ್ಟು ಚಿಗುರಿತು.

ಗಡಿಯಾರ ನಿಂತ ಮೇಲೆ ಕಂಪನಿಗಳು ಕೋರ್‌ಗಳನ್ನು ಹೆಚ್ಚಿಸಿದವು. ಬೆಂಗಳೂರಿಗೂ ಇಲ್ಲೊಂದು ಪಾಲಿದೆ. 2008ರಲ್ಲಿ ಬಂದ ಆರು ಕೋರಿನ ಇಂಟೆಲ್ ಜಿಯಾನ್ 7400 ಸರ್ವರ್ ಚಿಪ್ ವಿನ್ಯಾಸವಾಗಿದ್ದು ಇಲ್ಲೇ. ಆದರೆ ಕೋರ್ ಹೆಚ್ಚಿಸಿದರೆ ಎಲ್ಲ ಕೆಲಸವೂ ಬೇಗ ಆಗುವುದಿಲ್ಲ. ಮದುವೆ ಮನೆಯ ಅಡುಗೆಯಲ್ಲಿ ತರಕಾರಿ ಹೆಚ್ಚೋಕೆ ಇಪ್ಪತ್ತು ಜನ ಕೂತರೆ ಬೇಗ ಮುಗಿಯುತ್ತದೆ. ಒಲೆ ಮುಂದೆ ಇಪ್ಪತ್ತು ಜನ ನಿಂತರೆ ಹುಳಿ ಬೇಗ ಕುದಿಯುತ್ತದೆಯೇ? ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲೇ ಇದನ್ನು ಹೇಳಿದ್ದರು. ಕೆಲಸದಲ್ಲಿ ಹತ್ತನೇ ಒಂದು ಪಾಲು ಹಂಚಲಾಗದ್ದು ಇದ್ದರೆ, ಲಕ್ಷ ಕೋರ್ ಕೊಟ್ಟರೂ ಒಟ್ಟು ವೇಗ ಹತ್ತು ಪಟ್ಟು ದಾಟದು. ಬ್ರೌಸರ್, ಎಕ್ಸೆಲ್, ಬಹಳಷ್ಟು ಗೇಮ್‌ಗಳಲ್ಲಿ ಹುಳಿ ಕುದಿಸುವ ಕೆಲಸವೇ ಜಾಸ್ತಿ.

ಈಗ ಆ ನ್ಯಾನೋಮೀಟರ್ ವಿಷಯ. 7, 5, 3, ಈಗ 2 ಅಂತ ಅಂಕಿ ಇಳಿಯುತ್ತಲೇ ಇದೆಯಲ್ಲ, ಅದೇನು? ಬೆಂಗಳೂರಿನ 'ಲೇಕ್ ವ್ಯೂ' ಅಪಾರ್ಟ್‌ಮೆಂಟಿನಲ್ಲಿ ಕೆರೆ ಹುಡುಕಿದವರಿಗೆ ಉತ್ತರ ಗೊತ್ತಿರುತ್ತದೆ. ಒಂದು ಕಾಲದಲ್ಲಿ ಆ ಅಂಕಿ ಚಿಪ್ಪಿನಲ್ಲಿ ನಿಜವಾಗಿ ಇರುವ ಒಂದು ಅಳತೆಯಾಗಿತ್ತು. ಈಗ ಅದು ಬರೀ ಹೆಸರು. '3 ನ್ಯಾನೋಮೀಟರ್' ಅನ್ನಿಸಿಕೊಂಡ ಚಿಪ್ಪಿನಲ್ಲಿ ಒಂದು ಗೇಟಿನಿಂದ ಪಕ್ಕದ ಗೇಟಿಗೆ ಸುಮಾರು 48 ನ್ಯಾನೋಮೀಟರ್ ಅಂತರ ಇರುತ್ತದೆ.

ಹಾಗಂತ ಎಂಜಿನಿಯರುಗಳು ಸುಮ್ಮನೆ ಕೂತಿಲ್ಲ. ತೂಬಿನ ಬಾಗಿಲನ್ನು ಮೇಲಿನಿಂದ ಮಾತ್ರ ಒತ್ತುತ್ತಿದ್ದುದನ್ನು ಮೂರು ಕಡೆಯಿಂದ ಅಮುಕುವ ಹಾಗೆ ಮಾಡಿದರು. ಅದೇ ಫಿನ್‌ಫೆಟ್. ಇಂಟೆಲ್ 2012ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಈಗ ನಾಲ್ಕೂ ಕಡೆಯಿಂದ ಸುತ್ತುವ ವಿಧಾನ ಬಂದಿದೆ. ಟಿಎಸ್‌ಎಂಸಿಯ 2 ನ್ಯಾನೋಮೀಟರ್, ಇಂಟೆಲ್‌ನ 18ಎ ಎರಡೂ ಆ ಬಗೆಯವು. ಇಷ್ಟೆಲ್ಲ ಮಾಡಿ ಸಿಗುವುದೆಷ್ಟು? 3ರಿಂದ 2ಕ್ಕೆ ಬಂದರೆ ಅಷ್ಟೇ ಕರೆಂಟಿಗೆ ಶೇಕಡಾ 10ರಿಂದ 15 ಹೆಚ್ಚು ವೇಗ, ಅಥವಾ ಅಷ್ಟೇ ವೇಗಕ್ಕೆ ಶೇಕಡಾ 25ರಿಂದ 30 ಕಡಿಮೆ ಕರೆಂಟು ಅಂತ ಟಿಎಸ್‌ಎಂಸಿಯೇ ಹೇಳುತ್ತದೆ. ಆ 'ಅಥವಾ' ಮೇಲೆ ಕಣ್ಣಿಡಿ. ಡೆನಾರ್ಡ್ ಕಾಲದಲ್ಲಿ ಆ ಜಾಗದಲ್ಲಿ 'ಮತ್ತು' ಇತ್ತು.

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಗಂಭೀರ ಅನ್ನಿಸುತ್ತದೆ. ಚಿಪ್ಪಿನೊಳಗೆ ಕ್ಯಾಶ್ ಅನ್ನುವ ಸಣ್ಣ ಮೆಮೊರಿ ಇರುತ್ತದೆ. ಅಡುಗೆಮನೆ ಪಕ್ಕದ ಉಗ್ರಾಣ ಇದ್ದ ಹಾಗೆ. ಬೇಕಾದ ಸಾಮಾನು ಕೈಗೆ ಸಿಗದೆ ಪೇಟೆಗೆ ಓಡಬೇಕಾದರೆ ಅಡುಗೆಯವನು ಎಷ್ಟೇ ಚುರುಕಾಗಿದ್ದರೂ ಸುಮ್ಮನೆ ನಿಲ್ಲಬೇಕು. ಈ ಕ್ಯಾಶಿನ ಒಂದು ಕೋಶ ಟಿಎಸ್‌ಎಂಸಿಯ 5 ನ್ಯಾನೋಮೀಟರಿನಲ್ಲಿ 0.021 ಚದರ ಮೈಕ್ರೋಮೀಟರ್ ಇತ್ತು. ಹೆಚ್ಚು ಬಳಕೆಯಲ್ಲಿರುವ 3 ನ್ಯಾನೋಮೀಟರ್ ವಿಧಾನದಲ್ಲಿ ಎಷ್ಟು? ಅದೇ 0.021! ಲೆಕ್ಕ ಮಾಡುವ ಭಾಗ ಕುಗ್ಗಿತು, ಉಗ್ರಾಣ ಕುಗ್ಗಲಿಲ್ಲ. ದುಬಾರಿ ಸೈಟಿನಲ್ಲಿ ಹಳೇ ಅಳತೆಯ ಉಗ್ರಾಣ ಕಟ್ಟಿದ ಹಾಗಾಯಿತು.

ಎಎಂಡಿ ಇದಕ್ಕೆ ಹಳ್ಳಿಮನೆಯ ಉಪಾಯ ಹುಡುಕಿತು. 2022ರ ರೈಜನ್ 5800ಎಕ್ಸ್3ಡಿಯಲ್ಲಿ ಪ್ರೊಸೆಸರಿನ ಮೇಲೆ ಇನ್ನೊಂದು ಚಿಪ್ ಕೂರಿಸಿ 64 ಮೆಗಾಬೈಟ್ ಕ್ಯಾಶ್ ಹೆಚ್ಚಿಸಿತು. ಅಟ್ಟ ಕಟ್ಟಿದರು, ಅಷ್ಟೇ. ಗಡಿಯಾರ ಕಡಿಮೆ ಇದ್ದರೂ ಗೇಮ್‌ಗಳಲ್ಲಿ ಅದು ದೊಡ್ಡ ದೊಡ್ಡ ಚಿಪ್ಪುಗಳ ಜೊತೆ ಸರಿಸಮ ಓಡಿತು. ಆದರೆ ಅಟ್ಟ ಮೇಲಿದ್ದುದರಿಂದ ಕೆಳಗಿನ ಬಿಸಿ ಹೊರಹೋಗಲು ಕಷ್ಟವಾಗುತ್ತಿತ್ತು. 2024ರ 9800ಎಕ್ಸ್3ಡಿಯಲ್ಲಿ ಅಟ್ಟವನ್ನೇ ನೆಲಮಾಳಿಗೆ ಮಾಡಿದರು. ಇತ್ತೀಚಿನ ಎಷ್ಟೋ ಹೊಸ ತಲೆಮಾರುಗಳಿಗಿಂತ ಈ ಉಪಾಯವೇ ನನಗೆ ಹೆಚ್ಚು ಹಿಡಿಸಿದ್ದು.

ದುಡ್ಡಿನ ಮಾತಿಗೆ ಬರೋಣ. ಇವತ್ತಿನ ಮುಂಚೂಣಿ ಚಿಪ್ಪುಗಳಿಗೆ ಬೇಕಾದ, ಬೆಳಕಿನಿಂದ ಚಿಪ್ಪಿನ ಮೇಲೆ ಗೆರೆ ಮೂಡಿಸುವ ಇಯುವಿ ಯಂತ್ರ ಮಾಡುವುದು ಜಗತ್ತಿನಲ್ಲಿ ನೆದರ್‌ಲ್ಯಾಂಡ್ಸ್‌ನ ಎಎಸ್‌ಎಂಎಲ್ ಒಂದೇ. ಕರಗಿದ ತವರದ ಹನಿಗಳಿಗೆ ಸೆಕೆಂಡಿಗೆ 50,000 ಸಲ ಲೇಸರ್ ಹೊಡೆದು 13.5 ನ್ಯಾನೋಮೀಟರ್ ಅಲೆಯುದ್ದದ ಬೆಳಕು ಹುಟ್ಟಿಸುವ ಯಂತ್ರ ಅದು. ಹೊಸ ಮಾದರಿಯೊಂದರ ಬೆಲೆ ಸುಮಾರು 35 ಕೋಟಿ ಯೂರೋ, ನಮ್ಮ ಲೆಕ್ಕದಲ್ಲಿ ಮೂರು ಸಾವಿರ ಕೋಟಿ ರೂಪಾಯಿಗೂ ಮೇಲೆ. ಈ ಖರ್ಚೆಲ್ಲ ಕೊನೆಗೆ ಚಿಪ್ಪಿನ ಮೇಲೇ ಬರಬೇಕಲ್ಲ. 28 ನ್ಯಾನೋಮೀಟರ್ ತನಕ ಪ್ರತಿ ತಲೆಮಾರಿನಲ್ಲೂ ಒಂದು ಟ್ರಾನ್ಸಿಸ್ಟರಿನ ಬೆಲೆ ಇಳಿಯುತ್ತಿತ್ತು, ಆಮೇಲೆ ಇಳಿಕೆ ಹೆಚ್ಚುಕಡಿಮೆ ನಿಂತಿತು ಅಂತ ಈ ಉದ್ಯಮದ ಒಳಗಿನವರೇ ಹೇಳುತ್ತಾರೆ. ಮೂರ್ ಹೇಳಿದ ಮಾತಿನ ಜೀವಾಳ ಅದೇ ಬೆಲೆ. ಎಣಿಕೆ ಏರಿದರೂ ಬೆಲೆ ಇಳಿಯದಿದ್ದರೆ ಆ ನಿಯಮ ಬದುಕಿದ್ದೂ ಸತ್ತ ಹಾಗೆ.

ಗುಜರಾತಿನ ಧೋಲೇರಾದಲ್ಲಿ ಟಾಟಾ ಕಟ್ಟುತ್ತಿರುವ ಕಾರ್ಖಾನೆಯ ಅತಿ ಸೂಕ್ಷ್ಮ ವಿಧಾನವೂ ಇದೇ 28 ನ್ಯಾನೋಮೀಟರ್. "ಜಗತ್ತು 2ರಲ್ಲಿದೆ, ನಾವಿನ್ನೂ 28ರಲ್ಲಿ" ಅಂತ ಗೇಲಿ ಮಾಡುವವರಿದ್ದಾರೆ. ಕಾರಿಗೆ, ವಾಷಿಂಗ್ ಮೆಷಿನ್ನಿಗೆ, ವಿದ್ಯುತ್ ಮೀಟರಿಗೆ 2 ನ್ಯಾನೋಮೀಟರ್ ಚಿಪ್ ಹಾಕುವುದು ಸೊಪ್ಪು ತರೋಕೆ ಲಾರಿ ಕಳಿಸಿದ ಹಾಗೆ. ಅಗ್ಗದ ಟ್ರಾನ್ಸಿಸ್ಟರ್ ಎಲ್ಲಿ ಸಿಗುತ್ತದೋ ಅಲ್ಲಿಂದ ಶುರು ಮಾಡುವುದರಲ್ಲಿ ಲೆಕ್ಕಾಚಾರ ಇದೆ. ಇತ್ತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಸಿಲಿಕಾನ್ ಬಿಟ್ಟು, ಕೆಲವೇ ಪರಮಾಣು ದಪ್ಪದ ಹಾಳೆಗಳಲ್ಲಿ ಚಿಪ್ ಮಾಡುವ ಯೋಜನೆಯನ್ನು ಸರ್ಕಾರದ ಮುಂದೆ ಇಟ್ಟಿದ್ದಾರೆ. ಅದು ದೂರದ ದಾರಿ.

ಹತ್ತಿರದ ದಾರಿ ಒಂದಿದೆ. ಅದು ಚಿಪ್ಪಿನಲ್ಲಿಲ್ಲ, ಅದರ ಮೇಲೆ ಓಡುವ ಪ್ರೋಗ್ರಾಮಿನಲ್ಲಿದೆ. ಎಂಐಟಿಯ ಸಂಶೋಧಕರು 2020ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 4,096 ಸಾಲು, ಅಷ್ಟೇ ಕಂಬಗಳ ಎರಡು ಮ್ಯಾಟ್ರಿಕ್ಸ್ (ಅಂಕಿಗಳ ಕೋಷ್ಟಕ) ಗುಣಿಸಬೇಕು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎಲ್ಲರೂ ಬರೆಯುವ ಹಾಗೆ ಬರೆದಾಗ ಏಳು ಗಂಟೆ ಹಿಡಿಯಿತು. ಅದನ್ನೇ ಸಿ ಭಾಷೆಯಲ್ಲಿ ಬರೆದಾಗ 47 ಪಟ್ಟು ಬೇಗ ಆಯಿತು. ಕೆಲಸವನ್ನು ಎಲ್ಲ ಕೋರ್‌ಗಳಿಗೂ ಹಂಚಿ, ಉಗ್ರಾಣದ ಅಳತೆ ನೋಡಿ ಸಾಮಾನು ಜೋಡಿಸಿ, ಚಿಪ್ಪಿನ ವಿಶೇಷ ಸೂಚನೆಗಳನ್ನು ಬಳಸಿದಾಗ ಅರ್ಧ ಸೆಕೆಂಡೂ ಬೇಕಾಗಲಿಲ್ಲ. ಅರವತ್ತು ಸಾವಿರ ಪಟ್ಟಿಗಿಂತ ಹೆಚ್ಚು ವೇಗ, ಅದೇ ಯಂತ್ರದಲ್ಲಿ! ಎಲ್ಲ ಪ್ರೋಗ್ರಾಮಿಗೂ ಹೀಗೆ ಆಗುವುದಿಲ್ಲ, ನಿಜ. ಆದರೆ ಮೂವತ್ತು ವರ್ಷ ಡೆನಾರ್ಡ್ ಕೊಟ್ಟ ಪುಕ್ಕಟೆ ವೇಗವನ್ನು ನಾವು ಸಾಫ್ಟ್‌ವೇರಿನವರು ಹೇಗೆ ತಿಂದು ತೇಗಿದ್ದೇವೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಒಂದು ಚಾಟ್ ಆ್ಯಪ್ ತೆರೆಯೋಕೆ ಇಡೀ ಬ್ರೌಸರನ್ನೇ ಒಳಗೆ ಹೊತ್ತು ತರುವ ಕಾಲ ಇದು.

ಇದರಲ್ಲಿ ಕೊಳ್ಳುವವರಿಗೆ ಒಂದು ಲಾಭ ಇದೆ. ಚಿಪ್ಪಿನ ವೇಗ ಹೆಚ್ಚದಿದ್ದರೆ ಹಳೆಯದು ಬೇಗ ಹಳತಾಗುವುದೂ ಇಲ್ಲ. 1995ರ ಕಂಪ್ಯೂಟರ್ 2000ಕ್ಕೆ ಗುಜರಿ. 2018ರ ಲ್ಯಾಪ್‌ಟಾಪ್ ಇವತ್ತಿಗೂ ಬರವಣಿಗೆಗೆ, ಬ್ಯಾಂಕ್ ಕೆಲಸಕ್ಕೆ, ಮಕ್ಕಳ ಪಾಠಕ್ಕೆ ಸಾಕು. ವಿಪರ್ಯಾಸ ಎಂದರೆ ಈಗ ಯಂತ್ರ ಸುಸ್ತಾಗುವ ಮೊದಲೇ ಸಾಫ್ಟ್‌ವೇರ್ ಬೇಡ ಅನ್ನುತ್ತದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಂಟೆಲ್‌ನ 8ನೇ ತಲೆಮಾರಿಗಿಂತ ಹಳೆಯ ಚಿಪ್ಪುಗಳನ್ನು ಹೆಚ್ಚುಕಡಿಮೆ ಪೂರ್ತಿ ಹೊರಗಿಟ್ಟಿದೆ.

ನನ್ನದು 8ನೇ ತಲೆಮಾರು, ಕೂದಲೆಳೆಯಲ್ಲಿ ಪಾರು. ಎರಡು ವರ್ಷದ ಹಿಂದೆ ಅದಕ್ಕೆ ಎಸ್‌ಎಸ್‌ಡಿ ಹಾಕಿಸಿ, ರ್‍ಯಾಮ್ 8ರಿಂದ 16ಕ್ಕೆ ಏರಿಸಿದೆ. ಯಾವ ಹೊಸ ಪ್ರೊಸೆಸರೂ ಕೊಡದಷ್ಟು ಚುರುಕು ಬಂತು. ಮೊನ್ನೆ ಮತ್ತೆ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿದ್ದೆ, ತಂಗಿಯ ಲ್ಯಾಪ್‌ಟಾಪಿಗೂ ಹಾಗೇ ಮಾಡಿಸೋಣ ಅಂತ. ಅಂಗಡಿಯವನು ಹೇಳಿದ ರ್‍ಯಾಮ್ ಬೆಲೆ ಕೇಳಿ ಎರಡು ಸಲ ಕೇಳಿಸಿಕೊಂಡೆ. 2025ರ ಕೊನೆಯಿಂದ ಮೆಮೊರಿ ಕಂಪನಿಗಳು ಎಐ ಸರ್ವರುಗಳ ಹಿಂದೆ ಬಿದ್ದಿವೆ, ನಮ್ಮಂಥವರಿಗೆ ಉಳಿಯುವುದು ಕಡಿಮೆ, ಬೆಲೆ ಹಾರಿದೆ. ಗೊತ್ತಿದ್ದ ವಿಷಯವೇ, ಆದರೂ ಜೇಬಿಗೆ ಬಂದಾಗ ಬೇರೆ. ಬೇಡ ಬಿಡಿ ಅಂತ ಹೊರಟೆ. ಅವನು ಹಿಂದಿನಿಂದ ಕರೆದ. "ಸಾರ್, ನಿಮ್ಮ ಲ್ಯಾಪ್‌ಟಾಪಲ್ಲಿ 16 ಇದೆ ಅಂದ್ರಲ್ಲ, ಕೊಡೋ ಹಾಗಿದ್ರೆ ಹೇಳಿ. ನೀವು ಅವತ್ತು ಕೊಟ್ಟಿದ್ದಕ್ಕಿಂತ ಜಾಸ್ತಿನೇ ಕೊಡ್ತೀನಿ."